ಮೂರು ಕಲ್ಲಿನ ಬಾಡಿಗಿ

ಇವರ ಪಿತ್ತಕೋಶದಾಗ ಮೂರು ಕಲ್ಲದಾವ ಅಂತ
ಸ್ಕ್ಯಾನಿಂಗಿನವ ಹೇಳಿದಾಗ
ನಾ ಮೊದಲ ಕೇಳಿದ್ದು: ಎಷ್ಟೆಷ್ಟು ತೂಕ?
ನಕ್ಕ ಅವ. ಗಿರಣಿಯವಳ ಬಾಯಾಗ
ಬ್ಯಾರೆ ಏನು ಬರತೈತಿ.

ಉಮದಿಯೊಳಗ ನಮ್ಮದು ಹಿಟ್ಟಿನ ಗಿರಣಿ.
ಕಲ್ಲು ಮೊಂಡಾದರ ಟಾಕಿಯವ ಊರಿಗೇ ಬರತಾನ,
ಚಾ ಕುಡೀತಾನ, ಹೊತ್ತು ಮುಳುಗೂದ್ರಾಗ ಕಲ್ಲು ಹರಿತ.
ಈ ಕಲ್ಲಿಗೆ ನಾವ ಹೋಗಬೇಕು.
ಎಲ್ಲಿಗೆ?

ವಿಮಾ ಕಂಪನಿಯ ಪುಸ್ತಕ ತಂದ ಪೋಪಟ ಮಾನೆ.
ಇಂಗ್ಲಿಷಿನ್ಯಾಗ ಅಚ್ಚಾಗಿದ್ದನ್ನ ಮರಾಠಿಯೊಳಗ ಓದಿ
ಕನ್ನಡದಾಗ ಕೈ ತಿರುವಿದ.
ಎರಡು ಲಕ್ಷದ ಪಾಲಿಸಿ. ಯಾದಿಯೊಳಗ ಮೂವತ್ತೊಂದು ದವಾಖಾನಿ.
ವಿಜಾಪುರ ಹತ್ತರ, ಮಾತೂ ನಮ್ಮದ,
ಆದರ ಯಾದಿಯೊಳಗಿನ ವಿಜಾಪುರ ಒಂದ, ಅದೂ ಕಣ್ಣಿಂದು.
“ಕಲ್ಲು ಕಣ್ಣಿಗೆ ಏರೂತನಾ ಕಾಯಬೇಕೇನು?” ಅಂದ್ರು ಇವರು,
ಹೊಟ್ಟಿ ಹಿಡಕೊಂಡ.

ಮೈದುನ ಅಂದ, ಮಿರಜಕ್ಕ ನಡೀರಿ, ಮಿರಜ ಅಂದ್ರ ಮಿರಜ.
ಫೋನ್ ಹಚ್ಚಿದೆ. ಜನರಲ್ ವಾರ್ಡು ತುಂಬೈತಿ,
ಖೋಲಿಗೆ ದಿನಕ್ಕ ನಾಕು ಸಾವಿರ.
ಪಾಲಿಸಿ ಒಪ್ಪೂದು ಎರಡು.
ಮ್ಯಾಲಿನ ಎರಡು ನಾವ ಕೊಟ್ಟರಾತು ಅಂದೆ.
ಪೋಪಟ ತಲಿ ಅಲ್ಲಾಡಿಸಿದ:
“ಹಂಗಲ್ಲ ದಾನವ್ವಕ್ಕಾ, ಖೋಲಿ ಅರ್ಧಾ ಕಡದ್ರ
ಡಾಕ್ಟರ ಫೀಜಿನ್ಯಾಗೂ ಅರ್ಧಾ ಕಡೀತಾರ,
ಥೇಟರಿನ ಬಾಡಿಗ್ಯಾಗೂ.”
ಗೋಣೀಚೀಲ ದಪ್ಪೈತಿ ಅಂತ
ಹಿಟ್ಟಿನ್ಯಾಗ ಅರ್ಧಾ ಹಿಡಕೊಂಡಂಗ.
ನನ್ನ ಗಿರಣ್ಯಾಗ ಹಿಂಗ ಮಾಡಿದ್ದರ
ಊರ ಹೆಣ್ಣಮಕ್ಕಳು ಬೆಲ್ಟು ಹರದು ಒಗೀತಿದ್ರು.

ರಾತ್ರಿ ಉದ್ರಿ ವಹಿಯ ಹಿಂದಿನ ಹಾಳ್ಯಾಗ ಬರದೆ.
ಮಿರಜ: ನಮ್ಮ ಕೈಲಿಂದ ನಲವತ್ತೆರಡು ಸಾವಿರ, ಜೀಪು ಬಿಟ್ಟು.
ಜತ್ತ, ಎಸ್ಟಿ ಸ್ಟ್ಯಾಂಡಿನ ಹಿಂದಿಂದು, ಹದಿನೈದು ಕಾಟಿಂದು: ಆರು ಸಾವಿರ.
ನಡುವ ಒಂದು ಗೆರಿ ಹೊಡದು
ಆ ಗೆರಿ ನೋಡಕೋತ ಕುಂತೆ.
ಅಗ್ಗ ನೋಡಿ ಗಂಡನ್ನ ಮಲಗಿಸಿದಳು
ಅಂತ ನಾಳೆ ಯಾರರೆ ಅಂದ್ರ?
ಎಷ್ಟು ಜರಡಿ ಹಿಡದ್ರೂ ಆ ಮಾತು
ಕೆಳಗ ಇಳೀಲಿಲ್ಲ.

ಮುಂಜಾನೆ ಗೋಧಿ ತಂದಳು ಕಾಂಬಳೆ ಮೌಶಿ,
ಜತ್ತದ ಅದ ದವಾಖಾನ್ಯಾಗ ಆಯಾ, ಸೂಟಿ ಮ್ಯಾಲ ಬಂದಾಕಿ.
ಗಿರಣಿ ಸಪ್ಪಳದಾಗ ಒದರಿ ಹೇಳಿದಳು:
“ಗುರುವಾರ ಮಿರಜದ ದೊಡ್ಡ ಸರ್ಜನ್ನ ನಮ್ಮಲ್ಲಿಗೆ ಬರತಾರಲ್ಲ.
ಅದ ಕೈ, ಅದ ಕತ್ತರಿ ಡಬ್ಬಿ. ಅಲ್ಲಿ ಲಿಫ್ಟು ಏರತಾರ,
ಇಲ್ಲಿ ಮೆಟ್ಟಲ ಹತ್ತತಾರ, ಮೊಣಕಾಲು ಹಿಡಕೊಂಡು.”
ನಾ ಮೋಟರ್ ಬಂದ್ ಮಾಡಿದೆ.
ಇನ್ನೊಮ್ಮೆ ಹೇಳು ಅಂದೆ.

ಆದರೂ ಮಿರಜಕ್ಕ ಫೋನ್ ಹಚ್ಚಿದೆ:
ಶಿರಗಾಂವಕರ ಸಾಹೇಬರು ಗುರುವಾರ ಸಿಗತಾರೇನ್ರಿ?
“ಗುರುವಾರ ಇಲ್ಲ. ಹೊರಗ ಹೋಗತಾರ.”
ಆ ಹೊರಗ ಅನ್ನೂದು ನಮ್ಮ ಕಡೆ.

ಮೌಶಿ ಸುಳ್ಳು ಹೇಳಲಿಲ್ಲ. ಐಸಿಯು ಎರಡ ಕಾಟಿಂದು,
ಏನರೆ ಹೆಚ್ಚುಕಮ್ಮಿ ಆದ್ರ ಅಂಬುಲೆನ್ಸು ಓಡಬೇಕು.
ಗುರುವಾರ ಮುಚ್ಚಿದ ಬಾಗಲ ಮುಂದ
ಆ ರಸ್ತೆಯ ಒಂದೊಂದು ಗುಂಡಿ ಎಣಿಸಿದೆ.
ಉಳಿಸಿದ ಮೂವತ್ತಾರು ಸಾವಿರ
ನನ್ನ ಎದಿ ಮ್ಯಾಲ ಕುಂತಿತ್ತು, ಮೂರು ತಾಸು.

ಎಚ್ಚರಾದ ಮ್ಯಾಲ ನರ್ಸು ಕೇಳಿದಳು, ನೋವು ಹೆಂಗೈತಿ?
“ಚುಚ್ಚೂದಿಲ್ಲ, ಬರೇ ಸೆಳತ” ಅಂದ್ರು ಇವರು.
ಆಕಿಗೆ ತಿಳೀತು. ಬರಕೊಂಡಳು.
ಬಿಲ್ಲಿನ್ಯಾಗ ಅದಕ್ಕ ಸಾಲಿರಲಿಲ್ಲ.
ಹತ್ತಿಗೆ ಇತ್ತು, ಕೈಚೀಲಕ್ಕ ಇತ್ತು, ಪಾಲಿಸಿ ಒಪ್ಪದ್ದು:
ಆರು ಸಾವಿರ ಹೋಗಿ ಆರು ಸಾವಿರದ ಏಳನೂರು ಆತು.

ಸಣ್ಣ ಬಾಟ್ಲಿಯೊಳಗ ಕಲ್ಲು ಕೊಟ್ಟರು.
ಗಿರಣಿಗೆ ಬಂದು ತಕ್ಕಡಿ ಮ್ಯಾಲ ಸುರವಿದೆ,
ಮುಳ್ಳು ಅಲಗಲಿಲ್ಲ.
ಜ್ವಾಳ ತಂದ ಹುಡುಗಿ ಬಗ್ಗಿ ನೋಡಿ,
“ತೊಗರಿ ಏನ ಅತ್ತಿ, ಬೀಸಬೇಕೇನು?” ಅಂದಳು.
ಮೈದುನ ಮಾತ್ರ ಇನ್ನೂ ಅಂತಾನ,
ಮಿರಜಕ್ಕ ಹೋಗಬೇಕಿತ್ತು.